ನಮ್ಮ ಹನ್ನೊಂದು ಮನೆಗಳು ಶೃಂಗೇರಿ ಕಾಡಿಗೆ ಹೋದ ದಿನ

ಪುಟ್ಟಿ, ಅಪ್ಪಿ,

ಮೊನ್ನೆ ಕೊಪ್ಪಕ್ಕೆ ನಿಮ್ಮ ಮನೆಗೆ ಬಂದಿದ್ದಾಗ ನೀವಿಬ್ಬರೂ ಊಟದ ಹೊತ್ತಿನಲ್ಲಿ ನೆಂಟರ ಮುಂದೆ, “ನಮ್ಮಜ್ಜಿ ಇಡೀ ಕೇರಿಯನ್ನೇ ಶೃಂಗೇರಿಗೆ ಕಳಿಸಿದವಳು” ಎಂದು ಹೇಳಿ ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತಲ್ಲ. ಬರೆಯಲು ಕೂತರೆ ಮಾತ್ರ ಬರುತ್ತದೆ. ಅದಕ್ಕೇ ಆ ದಿನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನೀವು ಹೇಳಿದ್ದು ಸುಳ್ಳಲ್ಲ. ಆದರೆ ಆ ದಿನ ನನಗೆ ಆದ ಗಾಬರಿ ಆ ನಗೆಯಲ್ಲಿ ಇರಲಿಲ್ಲ.

ಮುತ್ತಿನಕೊಪ್ಪದ ಆಚೆ, ಗುಡ್ಡದ ಬದಿಯಲ್ಲಿ ನಮ್ಮ ಹನ್ನೊಂದು ಮನೆಗಳಿರುವುದು ನಿಮಗೆ ಗೊತ್ತು. ಹನ್ನೊಂದೂ ತೋಟ, ಗದ್ದೆಯ ಕೂಲಿಗೆ ಹೋಗುವವರ ಮನೆಗಳೇ. ನಿಮ್ಮ ಅಜ್ಜ ಗೊನೆ ಕೊಯ್ಯಲು ಮರ ಹತ್ತುತ್ತಿದ್ದವರು. ಬಿಡುವಿನ ದಿನಗಳಲ್ಲಿ ಒಬ್ಬರೇ ಮಣ್ಣು ಕಲಸಿ ನಮ್ಮ ಮನೆಯ ಗೋಡೆ ಎಬ್ಬಿಸಿದರು. ನೇರಳೆ ಮರದಿಂದ ಮೂರು ದೋಟಿ ದೂರಕ್ಕೆ ಬಾಗಿಲು ಎಂದು ಗೊನೆ ಕೊಯ್ಯುವ ಆ ಉದ್ದನೆಯ ದೋಟಿಯಲ್ಲೇ ಅಳೆದಿದ್ದರು. ಮನೆ ಇದೆ, ಕರೆಂಟು ಇದೆ, ರೇಷನ್ ಕಾರ್ಡಿದೆ. ಆ ಜಾಗ ನಮ್ಮದು ಎನ್ನುವ ಹಕ್ಕುಪತ್ರ ಮಾತ್ರ ಹನ್ನೊಂದರಲ್ಲಿ ಒಂದು ಮನೆಗೂ ಇಲ್ಲ.

ಅದಕ್ಕೆ ಅರ್ಜಿ ಹಾಕುವ ಅವಕಾಶ ಬಂತು. ಒಂದೊಂದು ಮನೆಗೆ ಒಂದೊಂದು ಅರ್ಜಿ. ಅದರಲ್ಲಿ ಮನೆ ಇರುವ ಜಾಗದ ಅಕ್ಷಾಂಶ, ರೇಖಾಂಶ ತುಂಬಬೇಕು. ಆಮೇಲೆ ಹನ್ನೊಂದೂ ಮನೆಗಳನ್ನು ತೋರಿಸುವ ನಕ್ಷೆಯನ್ನು ಕಚೇರಿಗೆ ಕೊಡಬೇಕು. ನಕ್ಷೆಯ ಮೇಲೆ ಆ ಅಕ್ಷಾಂಶ, ರೇಖಾಂಶದ ಗೆರೆಗಳು ಇರಲೇಬೇಕು. ಅರ್ಜಿಯೂ ನಕ್ಷೆಯೂ ಹೊಂದದಿದ್ದರೆ ಅರ್ಜಿ ವಾಪಸ್. ಇನ್ನೊಂದು ಅವಕಾಶ ಯಾವಾಗಲೋ ಯಾರಿಗೂ ತಿಳಿಯದು.

ಅರ್ಜಿ ತುಂಬುವ ಕೆಲಸ ನನಗೆ ಬಂತು. ಮೇಲಿನ ಮನೆಯಲ್ಲಿ ಒಬ್ಬರು ಇದ್ದಾರಲ್ಲ, ಮೊದಲು ತೋಟದಲ್ಲಿ ಮೇಸ್ತ್ರಿಯಾಗಿದ್ದವರು, ಅವರು ಹೇಳಿದರು: “ನಿನ್ನ ಅಕ್ಷರ ಮುತ್ತಿನಂಗಿದೆ ಮಾರಾಯ್ತಿ. ನೀನೇ ಬರಿ. ನನ್ನ ಮಗ ಬರೆದ್ರೆ ಅವನಿಗೇ ಓದಕ್ಕೆ ಬರಲ್ಲ.”

ನನಗೆ ಒಳಗೊಳಗೇ ಬಹಳ ಸಂತೋಷವಾಯಿತು. ಏಳನೇ ತರಗತಿ ಬಿಟ್ಟ ಮೇಲೆ ನನ್ನ ಅಕ್ಷರವನ್ನು ಯಾರೂ ಹೊಗಳಿರಲಿಲ್ಲ.

ಪಕ್ಕದ ಮನೆಯ ಸೊಸೆಯ ಹತ್ತಿರ ಒಳ್ಳೆಯ ಫೋನಿತ್ತು. ಅದರಲ್ಲಿ ದಿಕ್ಕು ತೋರಿಸುವ ಮುಳ್ಳಿನ ಕೆಳಗೆ, ನಿಂತ ಜಾಗದ ಅಂಕೆ ಬರುತ್ತದೆ. ಅವಳು ಪ್ರತಿ ಮನೆಯ ಮೆಟ್ಟಿಲ ಕಲ್ಲಿನ ಮೇಲೆ ನಿಂತು ಫೋನು ಹಿಡಿಯುವುದು, ನಾನು ನೋಡಿ ಅರ್ಜಿಯಲ್ಲಿ ಬರೆಯುವುದು. ನಮ್ಮ ಮನೆಯ ಎದುರು ನಿಂತಾಗ ಹದಿಮೂರು, ನಲವತ್ತು, ಹನ್ನೆರಡು ಎಂದು ಬಂತು. ಹದಿಮೂರರ ತಲೆಯ ಪಕ್ಕ ಪುಟ್ಟ ಸೊನ್ನೆ, ನಲವತ್ತರ ಪಕ್ಕ ಒಂದು ಸಣ್ಣ ಗೀಟು, ಹನ್ನೆರಡರ ಪಕ್ಕ ಎರಡು ಗೀಟು. ಅವುಗಳನ್ನು ನಾನು ಕಂಡಿದ್ದೆ. ಇವು ಯಾಕೆ ಎಂದು ಒಂದು ಕ್ಷಣ ಅನ್ನಿಸಿತ್ತು ಕೂಡ. ಕೇಳಲು ನಾಚಿಕೆಯಾಯಿತು. ಅಕ್ಷರ ಚೆನ್ನಾಗಿದೆ ಎಂದು ಕೂರಿಸಿದವರ ಮುಂದೆ, ಇದೇನು ಎಂದು ಹೇಗೆ ಕೇಳಲಿ?

ಅರ್ಜಿಯಲ್ಲಿ ಮೊದಲು ಎರಡು ಚೌಕ, ಆಮೇಲೆ ಒಂದು ಚುಕ್ಕಿ, ಅದರ ಮುಂದೆ ನಾಲ್ಕು ಚೌಕ ಇದ್ದವು. ನಾವು ಬಸ್ಸಿನ ಟೈಮು ಬರೆಯುವಾಗ ಆರೂವರೆಯನ್ನು 6.30 ಎಂದು ಬರೆಯುತ್ತೇವಲ್ಲ, ಹಾಗೇ ಬರೆದೆ. 13.4012. ನಾಲ್ಕು ಚೌಕಕ್ಕೆ ನಾಲ್ಕು ಅಂಕೆ, ಅಳೆದು ಹೊಲಿದ ಹಾಗೆ ಕೂತಿತು. ಇನ್ನೊಂದು ಸಾಲಿಗೆ ಎಪ್ಪತ್ತೈದು, ಮೂವತ್ತೊಂದು, ಐದು. ಐದರ ಹಿಂದೆ ಒಂದು ಸೊನ್ನೆ ಸೇರಿಸಿದೆ, ಆರು ಗಂಟೆ ಐದು ನಿಮಿಷವನ್ನು 6.05 ಎಂದು ಬರೆಯುವ ಹಾಗೆ. ಅಲ್ಲೂ ಸರಿಯಾಗಿ ಕೂತಿತು. ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ. ಹನ್ನೊಂದು ಅರ್ಜಿಗಳನ್ನೂ ಹಾಗೇ ತುಂಬಿದೆ. ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದರು. ಮೇಸ್ತ್ರಿಯವರು ತೆಗೆದುಕೊಂಡು ಹೋಗಿ ಕೊಟ್ಟು ಬಂದರು.

ನಕ್ಷೆ ಕೊಡಲು ಕೊನೆಯ ದಿನ ಮೇಸ್ತ್ರಿಯವರು, ಪಕ್ಕದ ಮನೆಯವಳು, ನಾನು, ಮೂವರೂ ಬೆಳಗಿನ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೋದೆವು. ಅಲ್ಲಿ ಒಂದು ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಹೆಣ್ಣುಮಗಳೊಬ್ಬಳು ಕೂರುತ್ತಾಳೆ. ಅವಳ ತವರು ನಮ್ಮ ಕೊಪ್ಪದ ಕಡೆಯ ನಾರ್ವೆ ಊರು. ತಲೆಗೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಅದನ್ನು ಮರೆತು ಬೇರೆ ಪೆನ್ನು ಹುಡುಕುತ್ತಿದ್ದಳು. ಕುರ್ಚಿ ಎರಡೇ ಇದ್ದವು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಪರದೆ ಚೆನ್ನಾಗಿ ಕಾಣುತ್ತಿತ್ತು.

ಅವಳು ಅರ್ಜಿಗಳ ಜೆರಾಕ್ಸ್ ನೋಡುತ್ತಾ ಅಂಕೆಗಳನ್ನು ಹೊಡೆದಳು. ಬಿಳಿಯ ಪರದೆಯ ಮೇಲೆ ಹನ್ನೊಂದು ಕೆಂಪು ಚುಕ್ಕಿಗಳು ಬಿದ್ದವು. ಪಕ್ಕದ ಮನೆಯವಳು, “ದೊಡ್ಡಮ್ಮ, ಇದು ನೀವು, ಇದು ನಾನು” ಎಂದು ಬೆರಳಿಟ್ಟಳು.

“ಇಷ್ಟು ಒತ್ತೊತ್ತಾಗಿದಾವಾ ಮನೆಗಳು?” ಎಂದು ಹುಡುಗಿ ಕೇಳಿದಳು.

“ಒತ್ತು ಅಂದ್ರೆ ಒತ್ತೇ,” ಎಂದರು ಮೇಸ್ತ್ರಿ. “ಇವಳ ಮನೇಲಿ ಒಗ್ಗರಣೆ ಹಾಕಿದ್ರೆ ನಮ್ಮನೇಲಿ ಸೀನು.”

ಹುಡುಗಿ ನಕ್ಕು, “ಸರಿ, ಗೆರೆ ಹಾಕ್ತೀನಿ ನೋಡಿ” ಎಂದಳು. ಏನನ್ನೋ ಒತ್ತಿದಳು. ಚುಕ್ಕಿಗಳ ಮೇಲೆ ಅಡ್ಡಕ್ಕೂ ಉದ್ದಕ್ಕೂ ತೆಳ್ಳನೆಯ ನೀಲಿ ಗೆರೆಗಳು ಬಂದವು. ಅಂಚಿನಲ್ಲಿ ಪ್ರತಿ ಗೆರೆಗೂ ಅಂಕೆ. ನನಗೆ ಶಾಲೆ ನೆನಪಾಯಿತು. ನಮ್ಮ ಮೇಷ್ಟ್ರು ಭೂಗೋಳದ ಮಾದರಿ ಇಲ್ಲದೆ ಒಂದು ಚಕ್ಕೋತದ ಹಣ್ಣಿನ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ಇವು ಅಕ್ಷಾಂಶ, ಇವು ರೇಖಾಂಶ ಎಂದಿದ್ದರು. ಉಳಿದ ಪಾಠ ಮಾರನೇ ದಿನಕ್ಕೆ ಇತ್ತು. ಮಾರನೇ ದಿನ ನಾನು ಅವ್ವನ ಜೊತೆ ನಾಟಿಗೆ ಹೋಗಿದ್ದೆ. ಹಾಗಾಗಿ ನನ್ನ ತಲೆಯಲ್ಲಿ ಆ ಗೆರೆಗಳು ಚಕ್ಕೋತದ ಮೇಲಿನ ಇದ್ದಿಲಿನ ಗೆರೆಗಳಾಗಿಯೇ ಉಳಿದವು. ಒಮ್ಮೆ ಎಳೆದರೆ ಮುಗಿಯಿತು, ಜಗತ್ತಿನಲ್ಲಿ ಎಲ್ಲೋ ಅವು ಇದ್ದೇ ಇರುತ್ತವೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ಹುಡುಗಿ ಮೌಸಿನ ಚಕ್ರ ತಿರುಗಿಸಿದಳು. ಚುಕ್ಕಿಗಳು ಹತ್ತಿರ ಬಂದವು. ನೀಲಿ ಗೆರೆಗಳು ಮಾಯವಾಗಿ, ಬೇರೆ ಗೆರೆಗಳು ಬೇರೆ ಜಾಗದಲ್ಲಿ ಬಂದು ನಿಂತವು. ಹಿಂದಕ್ಕೆ ತಿರುಗಿಸಿದಳು. ಅವೂ ಹೋಗಿ, ಇನ್ನೂ ದೂರದೂರದ ಗೆರೆಗಳು ಬಂದವು. ನಾನು ಸ್ಟೂಲಿನಿಂದ ಅರ್ಧ ಎದ್ದುಬಿಟ್ಟೆ.

“ಎಂತಾಯ್ತು ಅಜ್ಜಿ?”

“ಗೆರೆ ಓಡಿಹೋಯ್ತಲ?” ಎಂದೆ ಮೆಲ್ಲಗೆ.

“ಇವು ಬರೆದಿಟ್ಟ ಗೆರೆ ಅಲ್ಲ ಅಜ್ಜಿ. ನಾವು ಎಷ್ಟು ಹತ್ರ ಹೋಗ್ತೀವೋ ಅಷ್ಟಕ್ಕೆ ಬೇಕಾದಂಗೆ ಅದೇ ಹೊಸದಾಗಿ ಎಳ್ಕೊಳ್ಳುತ್ತೆ. ನಿಮ್ಮ ಕಚೇರಿಗೆ ಎಲ್ಲಾ ಮನೆ ಸೇರಿ ಒಂದು ಹಾಳೆ ಬೇಕು, ಒಂದೊಂದು ಮನೆಗೂ ಒಂದೊಂದು ಹಾಳೆ ಬೇಕು. ಹನ್ನೆರಡು ಸಲ ನಾನು ಕೂತು ಗೆರೆ ಎಳೆಯಕ್ಕಾಗುತ್ತಾ? ಅದಕ್ಕೆ ಹಿಂಗೆ ಮಾಡಿಟ್ಟಿದ್ದೀನಿ.”

ಭೂಮಿಯ ಗೆರೆಗಳನ್ನು ನಾರ್ವೆಯ ಹುಡುಗಿ ಒಂದು ಬೆರಳಿನಲ್ಲಿ ಓಡಿಸುತ್ತಾಳೆ ಎಂಬುದನ್ನು ನುಂಗಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಅಂಚಿನ ಅಂಕೆ ನೋಡಿ ಸಮಾಧಾನವಾಯಿತು. 13.4010 ಎಂಬ ಗೆರೆಯ ತುಸು ಮೇಲೆ ನಮ್ಮ ಮನೆಯ ಚುಕ್ಕಿ ಇತ್ತು. ನಾನು ಬರೆದದ್ದೇ. ಗೆರೆ ಓಡಿದರೂ ನನ್ನ ಅಂಕೆ ಸರಿಯಾಗಿದೆ ಎಂದುಕೊಂಡೆ.

ಆಗ ಹುಡುಗಿ ಕಚೇರಿಯ ಸೂಚನೆಯ ಹಾಳೆ ಓದಿ, “ಓ, ಗೆರೆಗಳ ಅಂಕೆ ಡಿಗ್ರಿ ನಿಮಿಷದಲ್ಲಿ ಇರಬೇಕಂತೆ” ಎಂದು ಎಲ್ಲೋ ಒಂದು ಕಡೆ ಒತ್ತಿದಳು.

ಚುಕ್ಕಿಗಳು ಇದ್ದಲ್ಲೇ ಇದ್ದವು. ಗೆರೆಗಳೆಲ್ಲ ಒಮ್ಮೆ ಜರುಗಿದವು. ನಮ್ಮ ಮನೆಯ ಪಕ್ಕದ ಗೆರೆಯ ಅಂಕೆ 13°24' ಆಯಿತು.

ಹದಿಮೂರರ ಮುಂದೆ ಇಪ್ಪತ್ನಾಲ್ಕು. ನಾನು ಫೋನಿನಲ್ಲಿ ಕಂಡದ್ದು ನಲವತ್ತು. ಹನ್ನೊಂದು ಮನೆಯಲ್ಲಿ ಒಂದಕ್ಕೂ ಇಪ್ಪತ್ನಾಲ್ಕು ಬಂದಿರಲಿಲ್ಲ.

ಹುಡುಗಿಯ ಮುಖ ಬದಲಾಯಿತು. “ಈ ತಾಲ್ಲೂಕಿಗೆ ಇಪ್ಪತ್ನಾಲ್ಕು ಬರಲ್ಲವಲ್ಲ. ತಡೀರಿ, ಹಿಂದೆ ಫೋಟೋ ಹಾಕ್ತೀನಿ” ಎಂದಳು. ಮೇಲಿಂದ ತೆಗೆದ ಚಿತ್ರ ಚೌಕ ಚೌಕವಾಗಿ, ನಿಧಾನವಾಗಿ ಬಂತು. ಒಂದು ಚೌಕ ಹಸಿರು. ಇನ್ನೊಂದೂ ಹಸಿರು. ಮೂರನೆಯದೂ ಹಸಿರು. ಮನೆ ಇಲ್ಲ, ದಾರಿ ಇಲ್ಲ, ನೇರಳೆ ಮರದ ಪಕ್ಕದ ಬಾವಿ ಇಲ್ಲ. ನಮ್ಮ ಹನ್ನೊಂದು ಕೆಂಪು ಚುಕ್ಕಿಗಳು ದಟ್ಟ ಕಾಡಿನ ನೆತ್ತಿಯ ಮೇಲೆ ಕೂತಿದ್ದವು. ಅವಳು ಚಕ್ರ ಹಿಂದಕ್ಕೆ ತಿರುಗಿಸುತ್ತಾ ಹೋದಳು. ಗೆರೆಗಳು ಬದಲಾದವು, ಮತ್ತೆ ಬದಲಾದವು. ಎಡಗಡೆಯಿಂದ ಒಂದು ಹೆಸರು ಬಂತು. ಶೃಂಗೇರಿ.

ನರಸಿಂಹರಾಜಪುರ ತಾಲ್ಲೂಕಿನ ಮನೆಗಳು ಶೃಂಗೇರಿ ಕಡೆಯ ಕಾಡಿನಲ್ಲಿ! ಮಧ್ಯೆ ಕೊಪ್ಪ ತಾಲ್ಲೂಕೇ ಇದೆ. ನೀವಿರುವ ಊರನ್ನೂ ದಾಟಿ ನಮ್ಮ ಮನೆಗಳು ಹೋಗಿದ್ದವು.

“ಇದು ಹಿಂಗೇ ಕಚೇರಿಗೆ ಹೋದ್ರೆ ಕಷ್ಟ,” ಎಂದಳು ಹುಡುಗಿ. “ಅರ್ಜಿಯಲ್ಲಿ ಇರೋ ಪ್ರಕಾರ ನೀವೆಲ್ಲ ಕಾಡಿನ ಒಳಗೆ ಇದ್ದೀರಿ. ಅಲ್ಲಿ ಮನೇನೇ ಇಲ್ಲ ಅಂತ ಬರೀತಾರೆ. ಅಂಕೆ ತೆಗೆದಿದ್ದು ಯಾವ ಫೋನಲ್ಲಿ?”

ಮೇಸ್ತ್ರಿಯವರು ಪಕ್ಕದ ಮನೆಯವಳ ಕಡೆ ತಿರುಗಿದರು. “ನೀನು ಅದರ ಹಿಂದಿನ ವಾರ ಶೃಂಗೇರಿಗೆ ಹೋಗಿದ್ದೆ ಅಲ್ವನೇ?”

“ಹೋಗಿದ್ದೆ. ಅದಕ್ಕೆ?”

“ಫೋನು ತಗೊಂಡೇ ಹೋಗಿದ್ದೆ.”

“ಮತ್ತೆ ಮನೇಲಿ ಬಿಟ್ಟು ಹೋಗಬೇಕಿತ್ತಾ ಮಾವ?”

ಹುಡುಗಿ, ಸಿಗ್ನಲ್ ಇಲ್ಲದ ಕಡೆ ಕೆಲವು ಫೋನು ಹಿಂದಿನ ಜಾಗವನ್ನೇ ತೋರಿಸುವುದುಂಟು ಎಂದಳು. ಅವಳು ಸುಮ್ಮನೆ ಹೇಳಿದ ಮಾತು. ಮೇಸ್ತ್ರಿಯವರಿಗೆ ಅಷ್ಟೇ ಸಾಕಾಯಿತು.

“ಕೇಳಿದ್ಯಾ? ಹಿಂದಿನ ಜಾಗ ಅಂತೆ! ದೇವರ ದರ್ಶನಕ್ಕೆ ಹೋದವಳು ನಮ್ಮನ್ನೂ ಅಲ್ಲೇ ಬಿಟ್ಟು ಬಂದಿದೀಯ. ಹನ್ನೊಂದು ಮನೆಯ ಬಾಯಿಗೆ ಮಣ್ಣು ಹಾಕಿದೆಯಲ್ಲೇ.”

“ಶೃಂಗೇರಿ ಕಾಡಲ್ಲಿ ನಾನು ಹನ್ನೊಂದು ಮೆಟ್ಟಿಲು ಹತ್ತಿ ಇಳಿದಿದ್ನಾ ಮಾವಾ? ನೀವೇ ಪಕ್ಕದಲ್ಲಿ ನಿಂತಿದ್ರಲ್ಲ!” ಎಂದಳು. ಆದರೆ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೂ ತನ್ನ ಫೋನಿನ ಮೇಲೆ ಅನುಮಾನ ಬಂದಿತ್ತು. ಸಂಜೆ ಊರಿಗೆ ಹೋದರೆ ಹನ್ನೊಂದು ಮನೆಯವರೂ ಅವಳ ಬಾಗಿಲಿಗೆ ಬರುತ್ತಾರೆ. ಅವಳ ಅತ್ತೆ ಏನೆನ್ನುತ್ತಾಳೆ ಎಂಬುದು ನಮಗೆಲ್ಲ ಗೊತ್ತಿತ್ತು.

ನಿಮಗೆ ನಿಜ ಹೇಳುತ್ತೇನೆ, ಆಗ ನನಗೆ ಒಳಗೆ ಒಂದಿಷ್ಟು ಹಾಯೆನಿಸಿತು. ತಪ್ಪು ಫೋನಿನದು, ಅಕ್ಷರದ್ದಲ್ಲ ಎಂದು. ಆ ಹಾಯೆನಿಸಿದ್ದು ಬಹಳ ಹೊತ್ತು ಇರಲಿಲ್ಲ.

“ನಿಮ್ಮೂರು ಎಲ್ಲಿರಬೇಕಿತ್ತು ನೋಡಣ” ಎಂದು ಹುಡುಗಿ ಚಿತ್ರವನ್ನು ಮೆಲ್ಲಗೆ ಎಳೆಯತೊಡಗಿದಳು. ಹತ್ತಿರದಿಂದಲೇ ಎಳೆಯುತ್ತಿದ್ದುದರಿಂದ ಅಂಚಿನಲ್ಲಿ ಗೆರೆಗಳ ಅಂಕೆ ಒಂದೊಂದಾಗಿ ಹುಟ್ಟುತ್ತಾ ಬಂತು. ನಾನು ಅದನ್ನೇ ನೋಡುತ್ತಿದ್ದೆ. 13°24'30". 13°24'40". 13°24'50". ಮುಂದೆ ಅರವತ್ತು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಐವತ್ತರ ಮೇಲೆ ಸೊನ್ನೆ ಸೊನ್ನೆ ಬಂದು, ಇಪ್ಪತ್ನಾಲ್ಕು ಇಪ್ಪತ್ತೈದಾಯಿತು.

ಅರವತ್ತಕ್ಕೆ ತಿರುಗುವುದು ಗಡಿಯಾರ.

ಮತ್ತೆ ಅಂಕೆಗಳ ತಲೆಯ ಮೇಲೆ ನೋಡಿದೆ. ಪುಟ್ಟ ಸೊನ್ನೆ, ಒಂದು ಗೀಟು, ಎರಡು ಗೀಟು. ಫೋನಿನಲ್ಲಿ ಇದ್ದವೇ, ನಾನು ಕಂಡು ಬಿಟ್ಟವೇ. ಫೋನು ಹೇಳಿದ್ದು ಗಡಿಯಾರದ ಲೆಕ್ಕ. ನಾನು ಬಸ್ಸಿನ ಟೈಮಿನ ಹಾಗೆ ಚುಕ್ಕಿಯ ಮುಂದೆ ಬರೆದೆ. ಆದರೆ ಅರ್ಜಿಯ ಚುಕ್ಕಿ ರೇಷನ್ ಅಂಗಡಿಯ ಕರೆಂಟು ತಕ್ಕಡಿಯ ಚುಕ್ಕಿ. ತಕ್ಕಡಿಯಲ್ಲಿ ಅರ್ಧ ಕಿಲೋ ಎಂದರೆ ಚುಕ್ಕಿಯ ಮುಂದೆ ಐವತ್ತು. ಗಡಿಯಾರದಲ್ಲಿ ಅರ್ಧ ಎಂದರೆ ಮೂವತ್ತು. ನಾನು ಬರೆದ ನಲವತ್ತನ್ನು ಕಂಪ್ಯೂಟರು ನೂರರಲ್ಲಿ ನಲವತ್ತು ಎಂದು ಓದಿ, ನಮ್ಮನ್ನು ತೆಗೆದುಕೊಂಡು ಹೋಗಿ ಅಲ್ಲಿ ಇಟ್ಟಿತ್ತು. ಫೋನಿನ ತಪ್ಪಿಲ್ಲ, ಅವಳ ತಪ್ಪಿಲ್ಲ. ಹನ್ನೊಂದೂ ನನ್ನ ದುಂಡು ಅಕ್ಷರದ ತಪ್ಪು.

ಹೇಳಬೇಕು. ಬಾಯಿ ತೆರೆದೆ. ಮೇಸ್ತ್ರಿಯವರು ಇನ್ನೂ ಬಯ್ಯುತ್ತಲೇ ಇದ್ದರು. “ನಂದು ತಪ್ಪು” ಎಂದೆ. ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವಳು ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ಕಂಡಿತು. ಎದ್ದು, ಅವರಿಬ್ಬರ ನಡುವೆ ತೂರಿ ಹೋಗಿ ಪರದೆಯ ಮೇಲೆಯೇ ಬೆರಳಿಟ್ಟೆ.

“ಇದು ಗಡಿಯಾರ,” ಎಂದೆ. “ನಾನು ಬಸ್ಸಿನ ಟೈಮು ಬರೆದಂಗೆ ಬರೆದೆ. ಈ ಗೀಟುಗಳನ್ನೆಲ್ಲ ಬಿಟ್ಟೆ. ಅವಳ ಫೋನು ಸರಿ ಇತ್ತು.”

ಮೇಸ್ತ್ರಿಯವರು ನನ್ನನ್ನು, ಸ್ಟೂಲೇ ಎದ್ದು ಮಾತಾಡಿತೇನೋ ಎಂಬ ಹಾಗೆ ನೋಡಿದರು. ಹುಡುಗಿ ಮಾತ್ರ ಅರ್ಜಿಗಳನ್ನು ಸರಸರನೆ ತಿರುವಿ ಹಾಕಿದಳು.

“ಅಯ್ಯೋ ಹೌದಲ! ಇಷ್ಟರಲ್ಲಿ ಅರವತ್ತು ದಾಟಿದ ಅಂಕೆ ಒಂದೂ ಇಲ್ಲ. ನನ್ನ ಕಣ್ಣಿಗೆ ಎಂತ ಆಗಿತ್ತು!”

ನಮ್ಮ ಮನೆಯದನ್ನು ಅವಳು ಮೊದಲು ಹೊಡೆದಳು. ಹದಿಮೂರು ಡಿಗ್ರಿ, ನಲವತ್ತು ನಿಮಿಷ, ಹನ್ನೆರಡು ಸೆಕೆಂಡು. ಶೃಂಗೇರಿಯ ಕಾಡಿನಿಂದ ಒಂದು ಚುಕ್ಕಿ ಇಲ್ಲವಾಯಿತು. ಪರದೆ ಬೆಳ್ಳಗಾಯಿತು. ನೀಲಿ ಗೆರೆಗಳು ಹೊಸದಾಗಿ ಬಂದವು. ಚಿತ್ರ ಮತ್ತೆ ಚೌಕ ಚೌಕವಾಗಿ ತುಂಬತೊಡಗಿತು. ಇಲ್ಲೂ ಬರೀ ಹಸಿರು ಬಂದರೆ?

ಒಂದು ಚೌಕದಲ್ಲಿ ಗದ್ದೆ. ಇನ್ನೊಂದರಲ್ಲಿ ದಾರಿ. ಮೂರನೆಯದರಲ್ಲಿ ನೇರಳೆ ಮರದ ದುಂಡನೆಯ ತಲೆ. ಅದರ ಪಕ್ಕ ಒಂದು ಹೆಂಚಿನ ಮಾಡು, ಮಾಡಿನ ಬದಿಗೆ ಸೌದೆಯ ಮೇಲೆ ನಾನು ಹೊದಿಸಿದ್ದ ನೀಲಿ ಟಾರ್ಪಾಲು. ಕೆಂಪು ಚುಕ್ಕಿ ನಮ್ಮ ಬಾಗಿಲಿನ ಮುಂದೆ ನಿಂತಿತ್ತು. ಆಕಾಶದಿಂದ ಯಾವನೋ ನನ್ನ ಟಾರ್ಪಾಲು ನೋಡಿದ್ದಾನೆ ಎಂದು ಇನ್ನೊಂದು ಸಲ ಬೆಚ್ಚಿದೆ. ಆಮೇಲೆ ಅಳು ಬಂತು. ನಿಮ್ಮ ಅಜ್ಜ ದೋಟಿಯಲ್ಲಿ ಅಳೆದ ಮೂರು ಅಳತೆ ಅಲ್ಲಿ ಬೆರಳಿನ ಒಂದು ಗೆಣ್ಣಿನಷ್ಟಿತ್ತು.

ಉಳಿದ ಹತ್ತೂ ಬಂದು ತಮ್ಮ ತಮ್ಮ ಮಾಡಿನ ಮುಂದೆ ಕೂತವು. ಒತ್ತೊತ್ತಾಗಿ ಏನೂ ಇರಲಿಲ್ಲ. ನಡುವೆ ಬೇಕಾದಷ್ಟು ಅಂಗಳವಿತ್ತು.

ಪಕ್ಕದ ಮನೆಯವಳು ಫೋನನ್ನು ಮೇಸ್ತ್ರಿಯವರ ಮುಖದ ಹತ್ತಿರ ಹಿಡಿದು, “ಮಾವಾ, ಈಗ ನನ್ನ ಫೋನು ಎಲ್ಲಿದೆ ನೋಡಿ ಹೇಳಿ. ಇನ್ನೂ ಶೃಂಗೇರಿಲೇ ಇದೆಯಾ?” ಎಂದಳು.

“ಹೋಗ್ಲಿ ಬಿಡು ಮಾರಾಯ್ತಿ,” ಎಂದು ಅವರು ಕಿಟಕಿಯ ಆಚೆ ನೋಡಿದರು.

ಕೆಲಸ ಮುಗಿದಿರಲಿಲ್ಲ. ಅರ್ಜಿಗಳು ಆಗಲೇ ಕಚೇರಿಯಲ್ಲಿ ಇದ್ದವು. ನಕ್ಷೆ ತೆಗೆದುಕೊಂಡು ಅಲ್ಲಿಗೆ ಹೋದಾಗ ಮೇಜಿನ ಹಿಂದಿದ್ದವರು ಎರಡನ್ನೂ ಪಕ್ಕಪಕ್ಕ ಇಟ್ಟು, “ಅಂಕೆ ಬೇರೆ ಬೇರೆ ಇದೆಯಲ್ಲ. ಬರೆದವರು ಯಾರು?” ಎಂದು ಕೇಳಿದರು. ಮೇಸ್ತ್ರಿಯವರು ಬಾಯಿ ತೆರೆಯುವ ಮೊದಲೇ ನಾನು, “ನಾನೇ” ಎಂದೆ. ಆ ಒಂದು ದಿನಕ್ಕೆ ಎರಡನೇ ಸಲ.

ಬರೆದವರೇ ತಪ್ಪನ್ನು ಒಪ್ಪಿ, ಪ್ರತಿ ಅರ್ಜಿಗೂ ಸರಿಯಾದ ಅಂಕೆ ಬರೆದು ಸಹಿ ಮಾಡಿ ಕೊಟ್ಟರೆ ನಕ್ಷೆಯ ಜೊತೆ ಇಟ್ಟುಕೊಳ್ಳುತ್ತೇನೆ ಎಂದರು. ಕಚೇರಿಯ ಬೆಂಚಿನ ಮೇಲೆ ಕೂತು ಹನ್ನೊಂದು ಹಾಳೆ ಬರೆದೆ. “ಅಂಕೆಗಳನ್ನು ತಿಳಿಯದೆ ತಪ್ಪಾಗಿ ಬರೆದವಳು ನಾನು” ಎಂಬ ಸಾಲನ್ನು ಹನ್ನೊಂದು ಸಲ. ಪಕ್ಕದ ಮನೆಯವಳು ಪಕ್ಕದಲ್ಲೇ ಕೂತು ನಕ್ಷೆ ನೋಡಿ ಒಂದೊಂದು ಅಂಕೆಯನ್ನೂ ಗಟ್ಟಿಯಾಗಿ ಓದಿದಳು. ನಾನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಕಚೇರಿಯಲ್ಲಿ ಎಲ್ಲರೂ ನೋಡುತ್ತಿದ್ದರು. ಹಾಳೆಗಳನ್ನು ತೆಗೆದುಕೊಂಡವರು ತಿರುವಿ ನೋಡಿ, “ಅಕ್ಷರ ಬಹಳ ಚೆನ್ನಾಗಿದೆ ಅಮ್ಮಾ” ಎಂದರು.

ಸಂಜೆಯ ಬಸ್ಸಿಗೆ ಹೊರಟೆವು. ಇಳಿದು ಗುಡ್ಡ ಹತ್ತುವಾಗ ಪಕ್ಕದ ಮನೆಯವಳು ಹೇಳಿದಳು: “ದೊಡ್ಡಮ್ಮ, ಆ ಗೀಟು ಎಂತಕ್ಕೆ ಅಂತ ಅವತ್ತೇ ನನ್ನ ಕೇಳಬಾರದಿತ್ತಾ?”

“ನಾಚಿಕೆಯಾಯ್ತು ಮಗಾ.”

“ನಂಗೂ ಗೊತ್ತಿರ್ಲಿಲ್ಲ ಬಿಡಿ. ಆದ್ರೆ ಕೇಳಿದ್ರೆ ಇಬ್ರಿಗೂ ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಾಗ್ತಿತ್ತು.”

ಆಮೇಲೆ ಕಚೇರಿಯವರು ಬಂದು ಹನ್ನೊಂದು ಮೆಟ್ಟಿಲ ಕಲ್ಲುಗಳ ಮೇಲೂ ತಮ್ಮ ಯಂತ್ರ ಇಟ್ಟು ನೋಡಿದರು. ನಕ್ಷೆಯಲ್ಲಿ ಇದ್ದ ಹಾಗೇ ಇದೆ ಎಂದು ಬರೆದುಕೊಂಡು ಹೋದರು. ಹಕ್ಕುಪತ್ರ ಇನ್ನೂ ಬಂದಿಲ್ಲ. ಬರುವಾಗ ನಾನು ಇರುತ್ತೇನೋ ಇಲ್ಲವೋ. ಮುಂದೆ ಯಾರಾದರೂ ಹಳೆಯ ಅರ್ಜಿ ತೆಗೆದು, ಈ ಮನೆಗಳು ಶೃಂಗೇರಿ ಕಡೆ ಇವೆಯಲ್ಲ ಎಂದರೆ, ಉತ್ತರ ಹೇಳಲು ಯಾರಾದರೂ ಇರಬೇಕು.

ಅದಕ್ಕಾಗಿ ಕೊನೆಯ ಹಾಳೆಯ ಹಿಂದುಗಡೆ ಹನ್ನೊಂದು ಮನೆಗಳ ಅಂಕೆಗಳನ್ನೂ ಬರೆದಿದ್ದೇನೆ. ಪುಟ್ಟ ಸೊನ್ನೆ, ಒಂದು ಗೀಟು, ಎರಡು ಗೀಟು, ಒಂದನ್ನೂ ಬಿಟ್ಟಿಲ್ಲ. ಬರೆದ ಮೇಲೆ ಪಕ್ಕದ ಮನೆಯವಳನ್ನು ಕರೆದು ಗಟ್ಟಿಯಾಗಿ ಓದಿಸಿ ತಾಳೆ ನೋಡಿದ್ದೇನೆ. ನಮ್ಮ ಮನೆ ಮೇಲಿನಿಂದ ನಾಲ್ಕನೆಯದು. ಪುಟ್ಟಿ, ನಿಮ್ಮಮ್ಮ ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಈ ಹಾಳೆಗಳನ್ನೂ ಇಡು. ಅಪ್ಪಿ, ಅದರಲ್ಲಿ ವಿಮಾನ ಮಾಡಬೇಡ. ನಗುವುದಾದರೆ ಓದಿ ನಗಿ. ಆದರೆ ಹಾಳೆ ಕಳೆಯಬೇಡಿ.